ಅಸ್ಟ್ರಾನಮಿ ಅಂತ ಬೋರ್ಡ್ ಇರುವ ಕಾಲೇಜೇ ಬೇಕಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ದ್ವಿತೀಯ ಪಿಯುಸಿ, ಪಿಸಿಎಂಸಿ ಓದುತ್ತಿದ್ದೇನೆ. ಖಗೋಳ ವಿಜ್ಞಾನವನ್ನೇ ಓದಬೇಕು ಅಂತ ಆಸೆ. ನಮ್ಮ ಸುತ್ತಮುತ್ತ ಎಲ್ಲೂ ಬಿ.ಎಸ್ಸಿ. ಅಸ್ಟ್ರಾನಮಿ ಇಲ್ಲ. ದೂರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಇದೆಯಂತೆ. ಫೀಸು ಕೇಳಿ ಅಪ್ಪ ಮಾತೇ ಆಡಲಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಅಪ್ಪನಿಗೆ ಧೈರ್ಯ ಹೇಳಿ. ಆ ಫೀಸು ಕಟ್ಟುವ ಅಗತ್ಯವೇ ಇಲ್ಲ. ಪದವಿಯಲ್ಲಿ ನಿಮಗೆ ಬೇಕಾದದ್ದು ಭೌತಶಾಸ್ತ್ರ, ಗಣಿತ. ಖಗೋಳ ಸಾಮಾನ್ಯವಾಗಿ ಎಂ.ಎಸ್ಸಿ. ಅಥವಾ ಪಿಎಚ್.ಡಿ. ಹೊತ್ತಿಗೆ ಬರುತ್ತದೆ. ನಮ್ಮ ದೇಶದ ಖಗೋಳ ವಿಜ್ಞಾನಿಗಳಲ್ಲಿ ಹೆಚ್ಚಿನವರ ಪದವಿ ಸರ್ಟಿಫಿಕೇಟಿನಲ್ಲಿ ಅಸ್ಟ್ರಾನಮಿ ಅನ್ನುವ ಪದವೇ ಇರುವುದಿಲ್ಲ.

ಪ್ರವೇಶ ಪರೀಕ್ಷೆಗಳನ್ನು ಮಾತ್ರ ಈ ವರ್ಷವೇ ಬರೆಯಿರಿ. ದೇಶದಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳಾದ ಏಳು ಐಸರ್‌ಗಳಿವೆ. ನಮಗೆ ಹತ್ತಿರದವು ಪುಣೆ, ತಿರುಪತಿ ಮತ್ತು ತಿರುವನಂತಪುರದವು. ಅಲ್ಲಿ ಪದವಿ, ಸ್ನಾತಕೋತ್ತರ ಎರಡೂ ಸೇರಿದ ಐದು ವರ್ಷದ ಬಿಎಸ್-ಎಂಎಸ್‌ಗೆ ಐಎಟಿ ಎಂಬ ಪರೀಕ್ಷೆ ಇದೆ. ಅರವತ್ತು ಪ್ರಶ್ನೆ, ಭೌತ, ರಸಾಯನ, ಗಣಿತ, ಜೀವಶಾಸ್ತ್ರ ತಲಾ ಹದಿನೈದು. ಪಿಸಿಎಂಸಿಯವರಿಗೆ ಕಷ್ಟವಾಗುವುದು ಇಲ್ಲೇ, ಹತ್ತನೇ ತರಗತಿ ಆದಮೇಲೆ ಬಯಾಲಜಿ ಪುಸ್ತಕ ಮುಟ್ಟಿರುವುದಿಲ್ಲ ಅಲ್ವಾ? ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಸುಮ್ನೆ ಊಹಿಸಿ ಬರೆಯಬೇಡಿ. ಇಂಥದ್ದೇ ಸಂಸ್ಥೆಯಾದ ಭುವನೇಶ್ವರದ ನೈಸರ್‌ಗೆ ನೆಸ್ಟ್ ಪರೀಕ್ಷೆ. ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ಪದವಿಗೆ ಜೆಇಇ ಅಥವಾ ಐಎಟಿ. ಬಾಹ್ಯಾಕಾಶ ಇಲಾಖೆಯ ಐಐಎಸ್‌ಟಿ ತಿರುವನಂತಪುರದಲ್ಲಿದೆ. ಅದಕ್ಕೆ ಜೆಇಇ ಅಡ್ವಾನ್ಸ್ಡ್. ನಿಮ್ಮ ಸಿಇಟಿ ರ‍್ಯಾಂಕು ಇವುಗಳಲ್ಲಿ ಯಾವುದಕ್ಕೂ ಲೆಕ್ಕಕ್ಕಿಲ್ಲ.

ಸೀಟು ಸಿಗಲಿಲ್ಲ ಅನ್ನಿ. ಏನೂ ಮುಳುಗಿಹೋಗಲಿಲ್ಲ. ಧಾರವಾಡದಲ್ಲೋ ಹಾವೇರಿಯಲ್ಲೋ ಬಿ.ಎಸ್ಸಿ. ಸೇರಿ. ಪಿಸಿಎಂ ಆಗಲಿ, ಕಂಪ್ಯೂಟರ್ ಸೈನ್ಸ್ ಇರುವ ಪಿಎಂಸಿಎಸ್ ಆಗಲಿ, ಕೊನೆಯ ಸೆಮಿಸ್ಟರ್‌ವರೆಗೂ ಗಣಿತ ಬಿಡಬೇಡಿ.

ಸೇರುವ ಮೊದಲು ಒಂದು ಕೆಲಸ ಮಾಡಿ. ಕಾಲೇಜಿಗೆ ಹೋಗಿ ಫಿಸಿಕ್ಸ್ ಲ್ಯಾಬ್ ನೋಡಿ. ಬೋರ್ಡು, ಬ್ರೋಷರ್, ಮಹಡಿ ಮೇಲಿನ ಟೆಲಿಸ್ಕೋಪು ಆಮೇಲೆ. ಲ್ಯಾಬಿನಲ್ಲಿ ಒಂದು ಕತ್ತಲೆ ಕೋಣೆ ಇರುತ್ತದೆ. ಅಲ್ಲಿ ಸೋಡಿಯಂ ದೀಪ, ಅದರ ಮುಂದೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರು. ಗ್ರೇಟಿಂಗ್ (ಒತ್ತೊತ್ತಾಗಿ ಗೆರೆ ಇರುವ ಫಲಕ) ಇಟ್ಟು ಸರಿಯಾಗಿ ಹೊಂದಿಸಿದರೆ ಹಳದಿ ಗೆರೆ ಎರಡಾಗಿ ಒಡೆಯುತ್ತದೆ: ಒಂದರ ತರಂಗಾಂತರ 589.0, ಇನ್ನೊಂದರದು 589.6 ನ್ಯಾನೋಮೀಟರ್. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಆಂಧ್ರದ ಗುಂಟೂರಿನಲ್ಲಿ ನಿಂತು ಸೂರ್ಯನ ಅಂಚಿನ ಬೆಳಕನ್ನು ಹೀಗೇ ಬಿಡಿಸಿ ನೋಡಿದ. ಅದೇ ವರ್ಷ ಈ ಎರಡು ಗೆರೆಗಳ ಪಕ್ಕದಲ್ಲೇ, 587.6ರ ಹತ್ತಿರ, ಸೋಡಿಯಂನದ್ದಲ್ಲದ ಇನ್ನೊಂದು ಹಳದಿ ಗೆರೆ ಇದೆ ಅಂತ ಗೊತ್ತಾಯಿತು. ಹೀಲಿಯಂ ಸಿಕ್ಕಿದ್ದು ಹಾಗೆ, ಭೂಮಿಯಲ್ಲಿ ಸಿಗುವ ಮೊದಲೇ ಸೂರ್ಯನಲ್ಲಿ. ಇವತ್ತಿಗೂ ನಕ್ಷತ್ರದ ಬಿಸಿ, ವೇಗ, ಅದರಲ್ಲೇನಿದೆ ಅನ್ನುವುದೆಲ್ಲ ತಿಳಿಯುವುದು ಬಹುಪಾಲು ಇಂಥ ಗೆರೆಗಳಿಂದಲೇ.

ಹಾಗಾಗಿ ಅಲ್ಲಿನ ಸೀನಿಯರ್‌ಗಳನ್ನು ಕೇಳಿ: ಸೋಡಿಯಂ ಗೆರೆ ಎರಡಾಗಿದ್ದನ್ನು ನೀವೇ ನೋಡಿದ್ದೀರಾ? ‘ಹಳೇ ರೆಕಾರ್ಡ್ ನೋಡಿ ರೀಡಿಂಗ್ ಇಳಿಸ್ತೀವಿ’ ಅಂತ ನಕ್ಕರೆ ಮುಂದಿನ ಕಾಲೇಜಿಗೆ ನಡೆಯಿರಿ. ಹಳೇ ಕಟ್ಟಡದ ಸರ್ಕಾರಿ ಕಾಲೇಜಾದರೂ ಪರವಾಗಿಲ್ಲ, ಪಕ್ಕದಲ್ಲಿ ನಿಂತು ವರ್ನಿಯರ್ (ಸೂಕ್ಷ್ಮ ಅಳತೆಪಟ್ಟಿ) ಓದಿಸುವ ಮೇಷ್ಟ್ರು ಇದ್ದರೆ ನನ್ನ ಮತ ಅದಕ್ಕೇ.

ಬೆಂಗಳೂರಿನ ಕಾಲೇಜು ಸಿಕ್ಕರೆ ಒಂದು ಲಾಭ ಜಾಸ್ತಿ. ಜವಾಹರಲಾಲ್ ನೆಹರೂ ತಾರಾಲಯದವರು ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ರೀಪ್ ಎಂಬ ವಾರಾಂತ್ಯದ ತರಗತಿ ನಡೆಸುತ್ತಾರೆ. ಊರಲ್ಲೇ ಓದಿದರೆ ಬೇಸಿಗೆ ರಜೆಗೆ ವಿಜ್ಞಾನ ಅಕಾಡೆಮಿಗಳ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ, ಈಗ ಖಗೋಳ ಮಾಡುವವರು ರಾತ್ರಿ ಆಕಾಶಕ್ಕಿಂತ ಕಂಪ್ಯೂಟರ್ ಪರದೆಯನ್ನೇ ಹೆಚ್ಚು ನೋಡುವುದು.

ಬಿ.ಎಸ್ಸಿ. ಕೊನೆಯಲ್ಲಿ ಜಾಮ್ ಪರೀಕ್ಷೆ. ಐಐಟಿಗಳ ಎಂ.ಎಸ್ಸಿ.ಗೂ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಅದೇ ಬಾಗಿಲು. ಇಂದೋರ್ ಐಐಟಿ ಮತ್ತು ಹೈದರಾಬಾದಿನ ಉಸ್ಮಾನಿಯಾದಲ್ಲಿ ಅಸ್ಟ್ರಾನಮಿಯಲ್ಲೇ ಎಂ.ಎಸ್ಸಿ. ಇದೆ. ನಿಮಗೆ ಬೇಕಾದ ಬೋರ್ಡು ಆಗ ಸಿಗುತ್ತದೆ. ವಿದೇಶದ ಮಾತೂ ಪಿಎಚ್.ಡಿ.ಗೇ ಇರಲಿ. ಅಮೆರಿಕದಲ್ಲಿ ಫಿಸಿಕ್ಸ್ ಪಿಎಚ್.ಡಿ. ಸೇರಿದವರಿಗೆ ಸಾಮಾನ್ಯವಾಗಿ ಫೀಸು ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತಾರೆ. ಪದವಿ ಓದಲು ಹೊಲ ಅಡವಿಟ್ಟು ಹೋಗುವುದು ಬೇಡ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಬಿ.ಇ. ಮೂರನೇ ವರ್ಷ. ಈಗ ಖಗೋಳದ ಕಡೆ ಮನಸ್ಸು ಹರಿದಿದೆ. ತಡವಾಯಿತಾ?

ಉತ್ತರ: ಇಲ್ಲ. ಸೂರ್ಯನನ್ನು ಅಧ್ಯಯನ ಮಾಡುವ ಇಸ್ರೋದ ಆದಿತ್ಯ ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟಿತಲ್ಲ, ಸೂರ್ಯನ ಹೊರ ವಾತಾವರಣ ನೋಡುವ ಅದರ ಮುಖ್ಯ ಉಪಕರಣ ವಿಇಎಲ್‌ಸಿ ತಯಾರಾದದ್ದು ನಮ್ಮ ಹೊಸಕೋಟೆಯಲ್ಲಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕ್ಯಾಂಪಸ್ಸಿನಲ್ಲಿ. ಗೌರಿಬಿದನೂರಿನಲ್ಲಿ ಸೂರ್ಯನ ರೇಡಿಯೊ ಅಲೆ ಹಿಡಿಯುವ ಆಂಟೆನಾಗಳ ಸಾಲೇ ಇದೆ. ಇಂಥ ಕಡೆ ನಿಮ್ಮಂಥವರು ಬೇಕೇ ಬೇಕು. ಐಐಎಸ್‌ಸಿಯ ಜಾಯಿಂಟ್ ಅಸ್ಟ್ರಾನಮಿ ಪ್ರೋಗ್ರಾಂ ಎಂಜಿನಿಯರಿಂಗ್ ಪದವೀಧರರನ್ನೂ ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತದೆ. ಅದಕ್ಕೆ ಗೇಟ್, ಜೆಸ್ಟ್ ಎಂಬ ಎರಡೂ ಪ್ರವೇಶ ಪರೀಕ್ಷೆಗಳನ್ನು ಬರೆಯಿರಿ. ಜೆಸ್ಟ್‌ನಲ್ಲಿ ಬರುವುದು ಪಕ್ಕಾ ಫಿಸಿಕ್ಸ್, ಕ್ವಾಂಟಂ ಮೆಕಾನಿಕ್ಸ್ ಕೂಡ. ನಿಮ್ಮ ಸಿಲೆಬಸ್‌ನಲ್ಲಿ ಅದು ಅಷ್ಟಾಗಿ ಇರುವುದಿಲ್ಲ, ಆದ್ದರಿಂದ ಈ ರಜೆಯಲ್ಲೇ ಶುರು ಮಾಡಿ.