ರಜೆಗೆ ಮನೆ ತುಂಬಾ ನೆಂಟರು, ಮನೆಯಲ್ಲಿ ಪುಕ್ಕಲು ನಾಯಿ: ಏನು ಮಾಡೋದು?

ಶೆಲ್ಟರ್‌ನಿಂದ ನಾಯಿಯನ್ನು ತಂದು ನಾಲ್ಕು ತಿಂಗಳಾಗಿದೆ, ಬೆಲ್ ಹೊಡೆದರೆ ಈಗಲೂ ಮಂಚದ ಕೆಳಗೆ ಓಡುತ್ತದೆ, ಮುಂದಿನ ತಿಂಗಳು ಎಂಟು ಜನ ಬಂದು ನಾಲ್ಕು ದಿನ ಇರುತ್ತಾರೆ, ಅಷ್ಟರೊಳಗೆ ಜನರಿಗೆ ಒಗ್ಗಿಸುವುದು ಹೇಗೆ ಅಂತ ಕೇಳಿದ್ದೀರಿ. ಬೇಜಾರಾಗಬೇಡಿ, ಒಗ್ಗಿಸಲು ಹೋಗಲೇಬೇಡಿ. ಒಂದು ತಿಂಗಳಲ್ಲಿ ಮುಗಿಯುವ ಕೆಲಸ ಅಲ್ಲ ಅದು. ಆ ನಾಲ್ಕು ದಿನ ಯಾರ ಕೈಗೂ ಸಿಗದೆ ಇರಲು ಅದಕ್ಕೊಂದು ಜಾಗ ಮಾಡಿಕೊಡಿ, ಸಾಕು.

ನಮ್ಮಲ್ಲಿ ಎರಡು ನಾಯಿಗಳಿವೆ, ಎರಡೂ ಶೆಲ್ಟರ್‌ನಿಂದ ಬಂದವೇ. ಕರಿಯ ಪರವಾಗಿಲ್ಲ, ಟೋಪಿ ಹಾಕಿದವರನ್ನು ಕಂಡರೆ ಮಾತ್ರ ಆಗುವುದಿಲ್ಲ. ಮುದ್ದಿ ಮಹಾ ಪುಕ್ಕಲಿ. ಅವಳು ಬಂದ ಐದನೇ ತಿಂಗಳಲ್ಲಿ ಮನೆ ತುಂಬಾ ಜನ ಸೇರಿದ್ದರು. ಎಷ್ಟು ಸುಧಾರಿಸಿದ್ದಾಳೆ ನೋಡಿ ಅಂತ ತೋರಿಸುವ ಚಪಲ ನನಗೆ. ಚಿಕ್ಕಪ್ಪನ ಕೈಗೆ ಬಿಸ್ಕತ್ತು ಕೊಟ್ಟು "ಕೂತ್ಕೊಂಡು ಕರೀರಿ, ಬರ್ತಾಳೆ" ಅಂದೆ. ಬಂದಳು. ಹಿಂಗಾಲು ಅಲ್ಲೇ ಊರಿ, ಮೈಯೆಲ್ಲಾ ಹಿಂದಕ್ಕೆ ಜಗ್ಗಿಕೊಂಡು, ಕತ್ತು ಮಾತ್ರ ಉದ್ದ ಮಾಡಿ ತುಟಿಯ ತುದಿಯಲ್ಲಿ ಬಿಸ್ಕತ್ತು ಎಳೆದುಕೊಂಡಳು. ಚಿಕ್ಕಪ್ಪ ಖುಷಿಯಲ್ಲಿ ತಲೆ ಸವರಲು ಕೈ ಎತ್ತಿದರು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಸೋಫಾದ ಹಿಂದೆ ನುಗ್ಗಿದಳು. ಬಿಸ್ಕತ್ತು ಅಲ್ಲೇ ಬಿದ್ದಿತ್ತು. ಎರಡು ದಿನ ಊಟ ಮುಟ್ಟಲಿಲ್ಲ.

ತಪ್ಪು ಚಿಕ್ಕಪ್ಪನದಲ್ಲ, ನನ್ನದು. ಕೈಯಲ್ಲಿ ತಿಂಡಿ ಹಿಡಿದು ಕರೆದರೆ ಆಸೆ ನಾಯಿಯನ್ನು ಮುಂದಕ್ಕೆ ಎಳೆಯುತ್ತದೆ, ಭಯ ಇದ್ದಲ್ಲೇ ಇರುತ್ತದೆ. ತಿಂಡಿ ಬಾಯಿಗೆ ಬಿದ್ದ ಮೇಲೆ ತಲೆ ಎತ್ತಿ ನೋಡಿದರೆ ಅಪರಿಚಿತ ಮನುಷ್ಯ ಮೂಗಿನ ಹತ್ತಿರ! ಈಗ ನಾವು ಮಾಡುವುದು ಉಲ್ಟಾ. ತಿಂಡಿ ಕೊಡಲೇಬೇಕು ಅಂದರೆ ಬಂದವರು ಅದನ್ನು ನಾಯಿಯ ಹಿಂದಕ್ಕೆ ಎಸೆಯಬೇಕು. ಅದನ್ನು ತಿನ್ನಲು ನಾಯಿ ದೂರ ಹೋಗುತ್ತದೆ, ಉಸಿರು ಬಿಡುತ್ತದೆ, ಬೇಕಾದರೆ ತಾನೇ ತಿರುಗಿ ಬರುತ್ತದೆ. ಬರದಿದ್ದರೂ ಸರಿ.

ನೆಂಟರಲ್ಲಿ ಒಬ್ಬರಾದರೂ "ಪಾಪ, ಯಾರೋ ಹೊಡೆದಿರಬೇಕು, ಪ್ರೀತಿ ತೋರಿಸಿದರೆ ಸರಿಹೋಗುತ್ತೆ" ಅನ್ನುತ್ತಾರೆ, ನೋಡುತ್ತಿರಿ. ಹೊಡೆದಿರಲೂಬಹುದು. ಆದರೆ ಏಟೇ ಬೀಳದ ಪುಕ್ಕಲು ನಾಯಿಗಳೂ ಬೇಕಾದಷ್ಟಿವೆ. ಹುಟ್ಟಿದ 3ನೇ ವಾರದಿಂದ ಹೆಚ್ಚುಕಡಿಮೆ 12–14 ವಾರದವರೆಗೆ ಮರಿ ಏನನ್ನು ನೋಡುತ್ತದೋ ಅದು ಅದಕ್ಕೆ ಸಹಜ ಅನ್ನಿಸುತ್ತದೆ. ಆಗ ಬಗೆಬಗೆಯ ಜನರನ್ನೇ ಕಾಣದ ಮರಿಗೆ ಮುಂದೆ ಹೊಸಬರೆಲ್ಲಾ ಅಪಾಯವೇ. ನಾಲ್ಕು ದಿನದ ಮುದ್ದಿನಿಂದ ಅದು ಅಳಿಸಿಹೋಗುವುದಿಲ್ಲ.

ಇನ್ನು ಜಾಗದ ವಿಷಯ. ಮುಂಬಾಗಿಲಿನಿಂದ, ನೆಂಟರು ಓಡಾಡುವ ದಾರಿಯಿಂದ ದೂರದ ಒಂದು ಕೋಣೆ ಆರಿಸಿ. ನಾಯಿಯ ವಾಸನೆ ಹಿಡಿದ ಹಳೇ ಹಾಸಿಗೆ (ಒಗೆಯಬೇಡಿ ದಯವಿಟ್ಟು), ನೀರು, ಕಚ್ಚಲು ಏನಾದರೂ, ಹೊರಗಿನ ಸದ್ದು ಮುಚ್ಚಲು ಒಂದು ಫ್ಯಾನ್. ಇದೆಲ್ಲಾ ಇವತ್ತಿನಿಂದಲೇ ಶುರುವಾಗಬೇಕು. ದಿನದ ಊಟ ಅಲ್ಲೇ ಹಾಕಿ. ಮೊದಲು ಐದು ನಿಮಿಷ ಬಾಗಿಲು ಮುಚ್ಚಿ, ಆಮೇಲೆ ಹತ್ತು, ಆಮೇಲೆ ಅರ್ಧ ಗಂಟೆ. ನೆಂಟರು ಬಂದ ದಿನವೇ ಮೊದಲ ಸಲ ಕೂಡಿಹಾಕಿದರೆ ಅದಕ್ಕೆ ಶಿಕ್ಷೆ ಅನ್ನಿಸುತ್ತದೆ, ಅಲ್ವಾ? ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆದು ಗಾಬರಿಯಾಗುವ ನಾಯಿಯಾದರೆ ಮುಚ್ಚಲೇಬೇಡಿ. ಮನೆಯವರಲ್ಲಿ ಒಬ್ಬರು ಸರದಿ ಮೇಲೆ ಒಳಗೆ ಕೂರಬೇಕು.

ನೆಂಟರು ಬರುವ ದಿನ ನಾಯಿಯನ್ನು ಸಾವಕಾಶವಾಗಿ ಮೂಸಿಕೊಂಡು ಸುತ್ತಾಡಲು ಬಿಡಿ. ಅವರು ಬರುವ ಅರ್ಧ ಗಂಟೆ ಮೊದಲೇ ಕೋಣೆಗೆ ಸೇರಿಸಿ. ನಾವು ಬಾಗಿಲಿಗೆ "ತೆರೆಯಬೇಡಿ" ಅಂತ ಚೀಟಿ ಅಂಟಿಸಿದ್ದೆವು. ಒಬ್ಬರೂ ಓದಲಿಲ್ಲ. ಈಗ ಬೀಗ, ಕೀಲಿ ನನ್ನ ಜೇಬಿನಲ್ಲಿ.

ಭಯಕ್ಕಿಂತ ನನಗೆ ಜಾಸ್ತಿ ಚಿಂತೆ ಮುಂಬಾಗಿಲಿನದು. ಎಂಟು ಜನ ಸೂಟ್‌ಕೇಸ್ ಎಳೆದುಕೊಂಡು ಒಳಗೆ ಬರುವಾಗ ಬಾಗಿಲು ಹಾರುಹೊಡೆದಿರುತ್ತದೆ. ಹೆದರಿದ ನಾಯಿ ಒಮ್ಮೆ ಹೊರಗೆ ಹಾರಿದರೆ ನೀವು ಕರೆದರೂ ಬರುವುದಿಲ್ಲ. ಕುತ್ತಿಗೆಪಟ್ಟಿಯಲ್ಲಿ ಫೋನ್ ನಂಬರ್ ಇರಲಿ. ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕುವ ಗುರುತಿನ ಸಣ್ಣ ಚಿಪ್) ಇದ್ದರೆ ಅದರ ದಾಖಲೆಯಲ್ಲಿ ನಿಮ್ಮ ಈಗಿನ ನಂಬರ್ ಇದೆಯಾ ನೋಡಿ. ನಾಯಿ ಎಲ್ಲಿದೆ ಅಂತ ಆ ಚಿಪ್ ಹೇಳುವುದಿಲ್ಲ, ಯಾರಾದರೂ ಹಿಡಿದು ಸ್ಕ್ಯಾನ್ ಮಾಡಿದರೆ ಮಾತ್ರ ಉಪಯೋಗ. ಆ ನಾಲ್ಕು ದಿನ ಅಂಗಳಕ್ಕೂ ಹಗ್ಗ ಹಾಕಿಯೇ ಕರೆದೊಯ್ಯಿರಿ. ಹಿಂದಕ್ಕೆ ಜಗ್ಗಿ ಪಟ್ಟಿಯಿಂದ ತಲೆ ಬಿಡಿಸಿಕೊಳ್ಳುವುದು ಪುಕ್ಕಲು ನಾಯಿಗಳಿಗೆ ಚೆನ್ನಾಗಿ ಗೊತ್ತು. ಮೈಗೆ ಸರಿಯಾಗಿ ಕೂರುವ ಹಾರ್ನೆಸ್ (ಎದೆ, ಬೆನ್ನು ಸುತ್ತಿ ಹಾಕುವ ಪಟ್ಟಿ) ಇದ್ದರೆ ವಾಸಿ.

ಅದು ತಾನಾಗಿ ಹೊರಗೆ ಬರಲು ಬಯಸಿದರೆ? ಬರಲಿ, ವಾಪಸ್ ಹೋಗುವ ದಾರಿಗೆ ಯಾರೂ ಅಡ್ಡ ನಿಲ್ಲಬಾರದು. ನೆಂಟರಿಗೆ ಒಂದೇ ಮಾತು ಹೇಳಿ: ನಾಯಿ ಇಲ್ಲ ಅಂದುಕೊಳ್ಳಿ. ನೋಡಬೇಡಿ, ಕರೆಯಬೇಡಿ, ಬಗ್ಗಬೇಡಿ. ನೀವು ಮಾತ್ರ ಅದನ್ನು ನೋಡುತ್ತಿರಿ. ಸುಮ್ಸುಮ್ನೆ ಆಕಳಿಕೆ, ಮೂಗು ನೆಕ್ಕಿಕೊಳ್ಳುವುದು, ಸೆಕೆ ಇಲ್ಲದೆ ಏದುಸಿರು, ತಲೆ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಇವೆಲ್ಲಾ "ಸಾಕಾಯ್ತು" ಅನ್ನುವ ಮಾತು. ದಿನಾ ಹಾರಿ ತಿನ್ನುವ ತಿಂಡಿಯನ್ನು ಬೇಡ ಅಂದರೆ ಇನ್ನು ಕಾಯಬೇಡಿ, ಕೋಣೆಗೆ ಕರೆದುಕೊಂಡು ಹೋಗಿ. ಕಲ್ಲಿನ ಹಾಗೆ ನಿಂತುಬಿಟ್ಟರೆ "ಎಷ್ಟು ಸಾಧು" ಅಂತ ಜನ ಸವರಲು ಬರುತ್ತಾರೆ. ಕಚ್ಚುವುದು ಎಷ್ಟೋ ಸಲ ಅದರ ಮುಂದಿನ ಗಳಿಗೆ. ಗುರ್ ಅಂದರೆ ಬೈಯಬೇಡಿ. ಬೈದರೆ ಗುರ್ ಅನ್ನುವುದು ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ಬಾಯಿ ಹಾಕಬಹುದು.

ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತೆ ಅನ್ನುವುದು ಸುಳ್ಳು. ನಿಮ್ಮ ಕಾಲಿಗೆ ಒತ್ತಿಕೊಂಡು ನಿಂತರೆ ಧಾರಾಳವಾಗಿ ಎದೆ ಸವರಿ.

ಊಟ ಬಿಡುವಷ್ಟು ಭಯ ಇದ್ದರೆ ಈ ವಾರವೇ ಪಶುವೈದ್ಯರನ್ನು ಕಾಣಿ, ನೆಂಟರು ಬರುವ ಹಿಂದಿನ ದಿನ ಅಲ್ಲ. ಟ್ರಾಜೊಡೋನ್, ಗ್ಯಾಬಪೆಂಟಿನ್ ತರಹದ, ಭಯ ತಗ್ಗಿಸುವ ಔಷಧಿ ಅವರು ಕೊಡಬಹುದು. ಯಾರೂ ಇಲ್ಲದ ಮಾಮೂಲಿ ದಿನ ಒಮ್ಮೆ ಕೊಟ್ಟು ನೋಡಬೇಕಾಗುತ್ತದೆ. ಅಸೆಪ್ರೊಮಜೀನ್ ಒಂದನ್ನೇ ಬರೆದರೆ ಯಾಕೆ ಅಂತ ಕೇಳಿ. ಅದರಿಂದ ಮೈ ಜೋಲುತ್ತದೆ, ಒಳಗಿನ ಭಯ ಹಾಗೇ ಉಳಿಯಬಹುದು. ನಿಮ್ಮ ಡಬ್ಬಿಯ ಮಾತ್ರೆಯನ್ನಂತೂ ಕೊಡಲೇಬೇಡಿ.

ನೆಂಟರು ಹೊರಟ ಮೇಲೂ ಕೆಲವು ದಿನ ಅದು ಸಣ್ಣ ಸದ್ದಿಗೂ ಬೆಚ್ಚಬಹುದು. ಆ ವಾರ ಹೊಸದೇನೂ ಬೇಡ.

ಚಿಕ್ಕಪ್ಪ ಮತ್ತೆ ಬಂದಿದ್ದರು, ಹೋದ ವರ್ಷ. ಮೂರನೇ ದಿನ ಪೇಪರ್ ಓದುತ್ತಾ ಕೂತಿದ್ದಾಗ ಮುದ್ದಿ ಬಂದು ಅವರ ಚಪ್ಪಲಿ ಮೂಸಿ ಹೋದಳಂತೆ. ಪೇಪರ್‌ನಿಂದ ಕಣ್ಣೆತ್ತಲಿಲ್ಲವಂತೆ ಅವರು. ಸಂಜೆ ಅಡುಗೆಮನೆಗೆ ಬಂದು ಪಿಸುಗುಟ್ಟಿ ಹೇಳಿದರು.

ಎಂಟು ಜನರಲ್ಲಿ ಚಿಕ್ಕ ಮಕ್ಕಳಿದ್ದಾರಾ ಅಂತ ನೀವು ಬರೆದಿಲ್ಲ. ಇದ್ದರೆ, ಮಕ್ಕಳು ಮಲಗಿದ ಮೇಲೆ ಮಾತ್ರ ನಾಯಿ ಹೊರಗೆ ಬರಲಿ. ವಯಸ್ಸು ತಿಳಿಸಿ, ಉಳಿದದ್ದು ಹೇಳುತ್ತೇನೆ.