ಹವಾಮಾನ ವಿಜ್ಞಾನಿಯ ಸೈಟೇಶನ್ 9,000 ಅಂದರೆ ದೊಡ್ಡದಾ?

ನೀವು ಕೇಳಿದ್ದು ಇಷ್ಟು: ನಿಮ್ಮ ಶಾಲೆಗೆ ಭಾಷಣಕ್ಕೆ ಬಂದ ಹವಾಮಾನ ವಿಜ್ಞಾನಿಯ ಗೂಗಲ್ ಸ್ಕಾಲರ್ (ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್) ಪುಟ ತೆರೆದು ನೋಡಿದಿರಿ. ಪೇಪರ್ (ಸಂಶೋಧನಾ ಲೇಖನ) 140, ಸೈಟೇಶನ್ (ಬೇರೆ ಪೇಪರ್‌ಗಳು ಅವನ್ನು ಉಲ್ಲೇಖಿಸಿದ್ದು) 9,000, ಎಚ್-ಇಂಡೆಕ್ಸ್ 41 ಅಂತ ಇತ್ತು. ಇದು ದೊಡ್ಡದಾ? ಇದನ್ನು ನೋಡಿ ಅವರ ಮಾತು ನಂಬಬಹುದಾ?

ದೊಡ್ಡದೇ. ನಂಬುವ ವಿಷಯ ಬೇರೆ.

ನಾನು ವಿಜ್ಞಾನಿ ಅಲ್ಲ. ಕಾಸರಗೋಡು ಕಡೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ 19 ವರ್ಷ ಇದ್ದವನು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಅಂದಾಗಲೆಲ್ಲ ಮೇಷ್ಟ್ರುಗಳ ಪೇಪರ್ ಎಷ್ಟು, ಸೈಟೇಶನ್ ಎಷ್ಟು ಅಂತ ಲೆಕ್ಕ ಮಾಡಿ ಕೊಡುವುದು ನನ್ನ ತಲೆಗೇ ಬರುತ್ತಿತ್ತು. ಒಮ್ಮೆ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರ ಸೈಟೇಶನ್ 200 ಚಿಲ್ಲರೆ ಇದ್ದದ್ದು ಇದ್ದಕ್ಕಿದ್ದಂತೆ 3,800 ಆಯಿತು. ಅವರಿಗೂ ಆಶ್ಚರ್ಯ. ಪುಟ ತೆರೆದು ನೋಡಿದರೆ ಹೃದಯದ ಆಪರೇಶನ್ ಬಗ್ಗೆ ಪೇಪರ್ ಉಂಟು, ಸಿಮೆಂಟಿನ ಬಗ್ಗೆಯೂ ಉಂಟು! ಇನಿಶಿಯಲ್ ಹಾಕಿ ಭಟ್ ಅಂತ ಬರೆದರೆ ಗೂಗಲ್‌ಗೆ ಎಂತ ಗೊತ್ತಾಗಬೇಕು? ನಮ್ಮ ಬದಿಯಡ್ಕ ಪೇಟೆಯಲ್ಲಿ ನಿಂತು 'ಭಟ್ರೇ' ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೆ ಹೇಳಿ. ಸಂಜೆವರೆಗೆ ಕೂತು ಒಂದೊಂದಾಗಿ ಅಳಿಸಿದೆವು. ಕೊನೆಗೆ ಅವರೇ, "ಹೃದಯದ್ದು ಒಂದು ಇರಲಿ ಮಾರಾಯ್ರೆ, ಒಳ್ಳೆ ಪೇಪರಿನ ಹಾಗೆ ಕಾಣ್ತದೆ" ಅಂದರು.

ಹಾಗಾಗಿ ಮೊದಲ ಕೆಲಸ, ಆ 140 ಪೇಪರ್‌ಗಳ ಹೆಸರು ಮೇಲಿಂದ ಕೆಳಗೆ ಒಮ್ಮೆ ಓದಿ. ಎಲ್ಲ ಅವರದ್ದೇನಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಸೈಟೇಶನ್ ಎಣಿಸುವ ಬೇರೆ ಪಟ್ಟಿಗಳಾದ ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಲ್ಲಿ ನೋಡಿದರೆ ಅದೇ ಮನುಷ್ಯನ ಸಂಖ್ಯೆ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಗೂಗಲ್ ಥೀಸಿಸ್, ವರದಿ ಎಲ್ಲವನ್ನೂ ಎಣಿಸುತ್ತದೆ. ಅದು ಮೋಸ ಅಲ್ಲ, ಜರಡಿಯ ಕಣ್ಣು ದೊಡ್ಡದು ಅಷ್ಟೆ.

ಇನ್ನು ಎಚ್-ಇಂಡೆಕ್ಸ್. ಹಿರ್ಷ್ ಎಂಬ ಅಮೆರಿಕದ ಭೌತವಿಜ್ಞಾನಿ 2005ರಲ್ಲಿ ಮುಂದಿಟ್ಟ ಲೆಕ್ಕ ಇದು. ತೆಂಗಿನ ತೋಟದಲ್ಲಿ ಹೇಳುವುದೇ ಸುಲಭ: ಮರ ಅಂದರೆ ಪೇಪರ್, ಕಾಯಿ ಅಂದರೆ ಸೈಟೇಶನ್. ತಲಾ 41 ಕಾಯಿಗೆ ಕಡಿಮೆ ಇಲ್ಲದ ಮರ 41 ಇದ್ದರೆ ತೋಟದ ಎಚ್ 41. ಒಂದು ಮರ 300 ಕಾಯಿ ಕೊಟ್ಟರೂ ಈ ಲೆಕ್ಕದಲ್ಲಿ ಅದು ಒಂದೇ ಮರ. 10 ಕಾಯಿಯ ಮರ ನೂರಿದ್ದರೂ ಎಚ್ 10ರ ಮೇಲೆ ಹೋಗುವುದಿಲ್ಲ. ಬಿಡದೆ ಕೆಲಸ ಮಾಡಿದವರನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಒಂದೇ ಒಂದು ಅಪರೂಪದ ಕೆಲಸ ಮಾಡಿದವರನ್ನು ಹಿಡಿಯುವುದೇ ಇಲ್ಲ. ಮತ್ತೆ ಇದು ಇಳಿಯುವ ಸಂಖ್ಯೆ ಅಲ್ಲ. ವಯಸ್ಸಾದ ಹಾಗೆ ಏರುತ್ತಲೇ ಇರುತ್ತದೆ. 35ರ ಹರೆಯದವರನ್ನೂ 60ರವರನ್ನೂ ಇದರಲ್ಲಿ ತೂಗಬಾರದು.

ಹವಾಮಾನದವರ ಸಂಖ್ಯೆ ಜಾಸ್ತಿ ಕಾಣಲು ಬೇರೆ ಕಾರಣವೂ ಉಂಟು. ಅಲ್ಲಿ ಕೆಲವೊಮ್ಮೆ ಒಂದು ಪೇಪರಿಗೆ ಐವತ್ತು, ಎಂಬತ್ತು ಜನ ಸೇರುತ್ತಾರೆ. ಆ ಪೇಪರಿಗೆ ಸಾವಿರ ಸೈಟೇಶನ್ ಬಂದರೆ ಗೂಗಲ್ ಅದನ್ನು ಪಾಲು ಮಾಡುವುದಿಲ್ಲ, ಎಲ್ಲರ ಖಾತೆಗೂ ಪೂರ್ತಿ ಸಾವಿರ ಬೀಳುತ್ತದೆ. ಐಪಿಸಿಸಿಯ (ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ಸಮಿತಿ) 2021ರ ವರದಿಯನ್ನೇ ನೋಡಿ. ವಿಜ್ಞಾನದ ಭಾಗ ಒಂದಕ್ಕೇ 234 ಲೇಖಕರು. ಅವರು ಉಲ್ಲೇಖಿಸಿದ ಪೇಪರ್‌ಗಳು 14,000ಕ್ಕೂ ಜಾಸ್ತಿ. ಇಂಥ ವರದಿಯ ಒಂದು ಅಧ್ಯಾಯದಲ್ಲಿ ಹೆಸರಿದ್ದರೆ ಸೈಟೇಶನ್ ಮಳೆಗಾಲದ ಹೊಳೆಯ ಹಾಗೆ ಏರುತ್ತದೆ. ಅದಕ್ಕೇ ಹೇಳುವುದು, ನಿಮ್ಮ ವಿಜ್ಞಾನಿಯ ಪುಟದಲ್ಲಿ ಎಲ್ಲಕ್ಕಿಂತ ಮೇಲಿರುವ ಐದು ಪೇಪರ್‌ಗಳಲ್ಲಿ ಅವರ ಹೆಸರು ಎಲ್ಲಿದೆ ನೋಡಿ. ಮೊದಲನೆಯದಾ, ಕೊನೆಯದಾ, ನಡುವಿನ ಗುಂಪಿನಲ್ಲಾ? ಸಾಮಾನ್ಯವಾಗಿ ಮುಖ್ಯ ಕೆಲಸ ಮಾಡಿದವರ ಹೆಸರು ಮೊದಲು, ತಂಡ ನಡೆಸಿದವರದ್ದು ಕೊನೆಗೆ.

ಆ ಪೇಪರ್ ಯಾವ ಜಾತಿಯದ್ದು ಅನ್ನುವುದನ್ನೂ ನೋಡಬೇಕು. ನನಗೆ ಜಾಸ್ತಿ ಇಷ್ಟವಾದ ವಿಷಯ ಇದು. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಸೈಟೇಶನ್ ಬಂದವು ಎಷ್ಟೋ ಸಲ ಹೊಸ ಸಿದ್ಧಾಂತದ ಪೇಪರ್‌ಗಳಲ್ಲ, ಬೇರೆಯವರಿಗೆ ಕೆಲಸ ಮಾಡಲು ಲೆಕ್ಕ (ಅಳತೆಯ ದಾಖಲೆ, ಡೇಟಾ) ಒದಗಿಸಿದವು. 1996ರಲ್ಲಿ ಯುಜೀನಿಯಾ ಕಾಲ್ನೆ ಮತ್ತು ತಂಡದವರು 40 ವರ್ಷದ ಹವೆಯ ದಾಖಲೆಯನ್ನು ಒಂದೇ ಹದಕ್ಕೆ ತಂದು ಕೊಟ್ಟರು. ಅದನ್ನು ಬಳಸಿದವರೆಲ್ಲ ಹೆಸರು ಹಾಕಲೇಬೇಕಲ್ವಾ?

ನಮ್ಮ ದೇಶದ್ದೇ ಒಂದು ಉಂಟು. ಪುಣೆಯ ಹವಾಮಾನ ಇಲಾಖೆಯಲ್ಲಿದ್ದ ಎಂ. ರಾಜೀವನ್ ಮತ್ತು ಜೊತೆಗಾರರು 1,803 ಮಳೆ ಕೇಂದ್ರಗಳ 1951ರಿಂದ 2003ರವರೆಗಿನ ದಿನದಿನದ ಲೆಕ್ಕವನ್ನು ಭಾರತದ ನಕ್ಷೆಯ ಮೇಲೆ ಚೌಕಚೌಕವಾಗಿ ಹಂಚಿ ಕೂರಿಸಿದರು. 2006ರಲ್ಲಿ ಅಚ್ಚಾದದ್ದು ಬೆಂಗಳೂರಿನಿಂದ ಬರುವ 'ಕರೆಂಟ್ ಸೈನ್ಸ್'ನಲ್ಲಿ, ವಿದೇಶಿ ಜರ್ನಲ್‌ನಲ್ಲಿ ಅಲ್ಲ. ಆದರೂ ಮುಂಗಾರಿನ ಬಗ್ಗೆ ಬರೆಯುವವರು ಅದನ್ನು ಬಿಟ್ಟು ಹೋಗುವಂತಿರಲಿಲ್ಲ. ಅದೇ ವರ್ಷ ಬಿ. ಎನ್. ಗೋಸ್ವಾಮಿ ಮತ್ತು ತಂಡದವರು ಇಂಥ ಲೆಕ್ಕ ಹಿಡಿದೇ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಮಧ್ಯ ಭಾರತದಲ್ಲಿ ಮಳೆಗಾಲದ ಒಟ್ಟು ಮಳೆ ಅಷ್ಟೇ ಇದೆ, ಆದರೆ ಹದವಾದ ಮಳೆ ಕಮ್ಮಿಯಾಗಿ ರಾಚುವ ಮಳೆ ಜಾಸ್ತಿಯಾಗಿದೆ. ಆ ಪೇಪರಿಗೂ ರಾಶಿ ಸೈಟೇಶನ್.

ಒಂದು ಮಾತು ಇಲ್ಲಿ ಸುಮ್ನೆ ಹೇಳಿಬಿಡುತ್ತೇನೆ. ಆ 1,803 ಕಡೆ ದಿನಾ ಬೆಳಿಗ್ಗೆ ಎಂಟೂವರೆಗೆ ಯಾರೋ ಒಬ್ಬರು ಕೊಡೆ ಹಿಡಿದು ಅಂಗಳಕ್ಕೆ ಇಳಿದಿದ್ದಾರೆ. ಡಬ್ಬದ ನೀರನ್ನು ಗೆರೆ ಇದ್ದ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಪುಸ್ತಕದಲ್ಲಿ ಬರೆದಿದ್ದಾರೆ. ನಮ್ಮ ದೊಡ್ಡಪ್ಪ ಅಡಿಕೆ ತೋಟದ ಬದಿಯಲ್ಲಿ ಹೀಗೆ 30 ವರ್ಷ ಬರೆದರು. ಅದು ಮನೆಯ ಲೆಕ್ಕ, ಯಾವ ಇಲಾಖೆಗೂ ಹೋದದ್ದಲ್ಲ. ಅಡಿಕೆಗೆ ಮದ್ದು ಬಿಡಲು (ಔಷಧ ಸಿಂಪಡಿಸಲು) ಬಿಸಿಲು ಯಾವಾಗ ಸಿಕ್ಕಿತು ಅಂತಲೂ ಪಕ್ಕದಲ್ಲಿ ಬರೆಯುತ್ತಿದ್ದರು. ಮಳೆ ಅಳೆದವರ ಎಚ್-ಇಂಡೆಕ್ಸ್ ಸೊನ್ನೆ.

ಸೈಟೇಶನ್ ಜಾಸ್ತಿ ಇದ್ದದ್ದೆಲ್ಲ ಲೆಕ್ಕದ ಪೇಪರ್ ಅಂತಲೂ ತಿಳಿಯಬೇಡಿ. 1999ರಲ್ಲಿ ಎನ್. ಎಚ್. ಸಾಜಿ, ಗೋಸ್ವಾಮಿ, ಪಿ. ಎನ್. ವಿನಯಚಂದ್ರನ್, ಯಮಗಾಟ ಸೇರಿ 'ನೇಚರ್'ನಲ್ಲಿ ನಾಲ್ಕೇ ಪುಟ ಬರೆದರು. ಹಿಂದೂ ಮಹಾಸಾಗರದ ಪಶ್ಚಿಮ ಬದಿ ಬಿಸಿಯಾಗಿ ಸುಮಾತ್ರಾ ಬದಿ ತಣ್ಣಗಾಗುವ ಏರುಪೇರಿನ ಬಗ್ಗೆ. ಈಗ ಟೀವಿಯವರೂ 'ಡೈಪೋಲ್' ಅನ್ನುತ್ತಾರಲ್ಲ, ಅದೇ. 2019ರಲ್ಲಿ ಅದು ಭಾರೀ ಜೋರಾಗಿತ್ತು. ಆ ವರ್ಷ ಮುಂಗಾರು ಹಿಂದೆ ಸರಿಯಲು ಶುರು ಮಾಡಿದ್ದೇ ಅಕ್ಟೋಬರ್ 9ಕ್ಕೆ. ಆ ನಾಲ್ಕು ಪುಟಕ್ಕೆ ಸಾವಿರಗಟ್ಟಲೆ ಸೈಟೇಶನ್ ಬಂದದ್ದರಲ್ಲಿ ಒಂದೂ ಹೆಚ್ಚಲ್ಲ ಅಂತ ನನ್ನ ಅಭಿಪ್ರಾಯ.

ಪತ್ರಿಕೆಯಲ್ಲಿ ವರ್ಷ ವರ್ಷ 'ವಿಶ್ವದ ಶೇ. 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮೂರಿನವರು' ಅಂತ ಫೋಟೋ ಬರುತ್ತದಲ್ಲ, ಅದೂ ಸೈಟೇಶನ್‌ನಿಂದಲೇ ಮಾಡಿದ ಪಟ್ಟಿ. ಸಂತೋಷಪಡಿ, ಆದರೆ ಪ್ರಶಸ್ತಿ ಅಂದುಕೊಳ್ಳಬೇಡಿ.

ಈಗ ನಂಬುವ ವಿಷಯ. ಸೈಟೇಶನ್ ಹೇಳುವುದು 'ಇದನ್ನು ಇಷ್ಟು ಜನ ಎತ್ತಿಕೊಂಡರು' ಅಂತ. ತಪ್ಪು ಅಂತ ತೋರಿಸಲು ಎತ್ತಿಕೊಂಡರೂ ಒಂದು ಸಂಖ್ಯೆ ಏರುತ್ತದೆ. ತೆರೆದು ನೋಡದೆ ಎತ್ತಿಕೊಳ್ಳುವವರೂ ಇದ್ದಾರೆ. ಐಪಿಸಿಸಿಯ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಬಹುದು ಅಂತ ಬಂದಿತ್ತು. ಅದರ ಬುಡ ಹುಡುಕಿದರೆ ಒಂದು ಸಂಸ್ಥೆಯ ವರದಿ, ಅದರ ಬುಡದಲ್ಲಿ 1999ರ ಒಂದು ಪತ್ರಿಕೆಯ ಸುದ್ದಿ. ಅಳೆದು ನೋಡಿದ ಪೇಪರ್ ಇರಲೇ ಇಲ್ಲ. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪು ಒಪ್ಪಿಕೊಂಡಿತು. ಹಿಮನದಿ ಕರಗುತ್ತಿರುವುದು ಸುಳ್ಳಲ್ಲ, ಆ ಇಸವಿ ಮಾತ್ರ ಸುಳ್ಳು.

ಹಾಗಾಗಿ ನಿಮ್ಮ ವಿಜ್ಞಾನಿ ಭಾಷಣದಲ್ಲಿ ಹೇಳಿದ ಯಾವುದಾದರೂ ಒಂದು ಮಾತು ಹಿಡಿದುಕೊಳ್ಳಿ. ಅದು ಅವರ ಯಾವ ಪೇಪರಿನಲ್ಲಿದೆ ಹುಡುಕಿ. ಕೆಳಗೆ 'ಸೈಟೆಡ್ ಬೈ' ಅಂತ ಇರುತ್ತದೆ, ಅದನ್ನು ಒತ್ತಿದರೆ ಯಾರು ಎತ್ತಿಕೊಂಡಿದ್ದಾರೆ ಅಂತ ಬರುತ್ತದೆ. ಅವರ ವಿದ್ಯಾರ್ಥಿಗಳೇ ಇದ್ದಾರಾ, ಬೇರೆ ದೇಶದವರು ಬೇರೆ ಲೆಕ್ಕ ಹಾಕಿ ಅದೇ ಉತ್ತರಕ್ಕೆ ಬಂದಿದ್ದಾರಾ? ಎರಡನೆಯದಾದರೆ ನಾನಾದರೆ ನಂಬುತ್ತೇನೆ, ಎಚ್-ಇಂಡೆಕ್ಸ್ 41 ಇರಲಿ, 14 ಇರಲಿ.

ಆ ಪುಟ ಕಳಿಸಿದರೆ ನಾನೂ ನೋಡಿ ಹೇಳುತ್ತೇನೆ. ಈಗಲೇ ಅಲ್ಲ, ನಾಲ್ಕು ದಿನದ ಮೇಲೆ ಇವತ್ತು ಬಿಸಿಲು ಬಂದಿದೆ, ಮದ್ದು ಬಿಡುವವರು ಅಂಗಳದಲ್ಲಿ ಕಾಯ್ತಾ ಇದ್ದಾರೆ.