ಹಸಿರು ದೀಪ ಹೊತ್ತಿದ ಮಾತ್ರಕ್ಕೆ

ಪ್ರಿಯ ಲೇಖಕರೆ,

ನಿಮ್ಮ ‘ತುಟಿಗೆ ತಾಗದ ಬಟ್ಟಲು’ ಪ್ರಬಂಧವನ್ನು ಓದಿದೆ. ವೈನಿನ ಬಗ್ಗೆ ಪ್ರಶ್ನೆ ಕೇಳುವ ಕಂಪ್ಯೂಟರ್ ಆಟವೊಂದನ್ನು ಸಾಗರದ ಸಮೀಪದ ನಿಮ್ಮ ಮನೆಯ ಜಗಲಿಯಲ್ಲಿ ಕುಳಿತು ಆಡಿ, ಪ್ರಶ್ನೆಗೆ ನಾಲ್ಕು ಆಯ್ಕೆ, 15 ಸೆಕೆಂಡಿನ ಗಡುವು ಇರುವ ಆ ಪರೀಕ್ಷೆಯಲ್ಲಿ 40ಕ್ಕೆ 23 ಅಂಕ ಪಡೆದ ಬಗೆಯನ್ನು ನೀವು ಬರೆದಿದ್ದೀರಿ. ಭಾಷೆ ಅಚ್ಚುಕಟ್ಟಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ವಿಷಯವೂ ನಮ್ಮ ಓದುಗರಿಗೆ ಹೊಸದು. ಮಲೆನಾಡಿನಿಂದ ಬರುವ ಪ್ರಬಂಧಗಳಲ್ಲಿ ಬಹುಪಾಲು ಮಳೆಯನ್ನೋ ಅಜ್ಜಿಯ ಅಡುಗೆಮನೆಯನ್ನೋ ಕುರಿತವಾಗಿರುವಾಗ ಇದು ಬಂದದ್ದು ನನಗೆ ಸಮಾಧಾನ ತಂದಿತು. ಆದರೂ ಇದನ್ನು ಈಗಿರುವಂತೆ ಪ್ರಕಟಿಸಲಾರೆ. ಸಪ್ಪೆ ಬರಹಗಳಾದರೆ ಎರಡು ಸಾಲಿನ ವಿಷಾದಪತ್ರ ಕಳುಹಿಸಿ ಸುಮ್ಮನಾಗುತ್ತೇನೆ. ನಿಮ್ಮದು ನನ್ನನ್ನು ಕೆರಳಿಸಿದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸಣ್ಣ ತಕರಾರು. ‘ನಾನು ವೈನ್ ಕುಡಿಯುವವನಲ್ಲ’ ಎಂಬ ಮಾತು ನಿಮ್ಮ ಪ್ರಬಂಧದಲ್ಲಿ ನಾಲ್ಕು ಕಡೆ ಬರುತ್ತದೆ. ನಾಲ್ಕನೆಯ ಸಲ ‘ನಮ್ಮ ಮನೆತನದಲ್ಲಿಯೂ ಯಾರೂ ಮುಟ್ಟಿದವರಲ್ಲ’ ಎಂಬ ಸಮಜಾಯಿಷಿಯೂ ಸೇರಿಕೊಂಡಿದೆ. ಇದನ್ನು ಯಾರಿಗೆ ಹೇಳುತ್ತಿದ್ದೀರಿ? ನಿಮ್ಮ ನಡತೆಯ ಪ್ರಮಾಣಪತ್ರವನ್ನು ಓದುಗರು ಕೇಳಿಲ್ಲ. ಒಂದು ಸಲ ಹೇಳಿದ್ದರೆ ಅದೇ ಪ್ರಬಂಧದ ಬೆನ್ನೆಲುಬಾಗುತ್ತಿತ್ತು: ಒಂದು ತೊಟ್ಟನ್ನೂ ರುಚಿ ನೋಡದವನಿಗೆ 23 ಅಂಕ ಬಂದದ್ದು ಹೇಗೆ, ಓದಿನಿಂದ ಗೆದ್ದ ಪ್ರಶ್ನೆಗಳು ಯಾವುವು, ನಾಲಗೆ ಇಲ್ಲದೆ ಸೋತವು ಯಾವುವು ಎಂದು ಬೇರ್ಪಡಿಸಿ ನೋಡಬಹುದಿತ್ತು. ಆಟ ಕೊನೆಗೆ ನಿಮಗೆ ‘ಸೊಮೆಲಿಯೆ’ ಎಂಬ ಬಿರುದು ಕೊಟ್ಟಿತೆಂದು ಹಿಗ್ಗಿ ಬರೆದಿದ್ದೀರಿ. ಹೋಟೆಲುಗಳಲ್ಲಿ ವೈನ್ ಆರಿಸಿ ಬಡಿಸುವ ಆ ವೃತ್ತಿಯವರ ಅತ್ಯುನ್ನತ ಪರೀಕ್ಷೆಯಾದ ಮಾಸ್ಟರ್ ಸೊಮೆಲಿಯೆಯಲ್ಲಿ ಸಿದ್ಧಾಂತ, ಬಡಿಸುವಿಕೆ, ರುಚಿ ನೋಡುವಿಕೆ ಎಂಬ ಮೂರು ಭಾಗಗಳಿವೆ. ಮೂರನೆಯ ಭಾಗದಲ್ಲಿ ಹೆಸರು ತಿಳಿಸದ ಆರು ವೈನುಗಳನ್ನು 25 ನಿಮಿಷಗಳಲ್ಲಿ ಮೂಸಿ, ಸವಿದು, ದ್ರಾಕ್ಷಿಯ ತಳಿ, ಸೀಮೆ, ವಯಸ್ಸನ್ನು ಬಾಯಿಮಾತಿನಲ್ಲಿ ಹೇಳಬೇಕು. ನೀವು ಬರೆದದ್ದು ಮೊದಲ ಭಾಗದ ಒಂದು ಮೂಲೆಯನ್ನು, ಅಷ್ಟೆ. ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ, ಹಿಗ್ಗುವುದೂ ಇಲ್ಲ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ನಿಮ್ಮ ಮೂರನೆಯ ಪುಟದಲ್ಲಿರುವ ವಾಕ್ಯಗಳನ್ನು ಒಂದೊಂದಾಗಿ ಎತ್ತಿಕೊಳ್ಳೋಣ.

‘ಷಾಂಪೇನನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಕ್ಷಣಾರ್ಧದಲ್ಲಿ ಡೊಂ ಪೆರಿನ್ಯೋನ್ ಎಂದು ಒತ್ತಿದೆ, ಹಸಿರು ದೀಪ ಹೊತ್ತಿತು.’ ಹೊತ್ತಿರಬಹುದು, ಆದರೆ ನೊರೆಗುಳ್ಳೆಯ ಆ ವೈನಿನ ಮಟ್ಟಿಗೆ ಈ ಉತ್ತರ ತಪ್ಪು. ಆ ಸನ್ಯಾಸಿ ಫ್ರಾನ್ಸಿನ ಷಾಂಪೇನ್ ಸೀಮೆಯ ಓವಿಲೆ ಮಠದ ಉಗ್ರಾಣವನ್ನು 1668ರಿಂದ ತಾನು ಸಾಯುವ 1715ರವರೆಗೆ ನೋಡಿಕೊಂಡವನು. ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ಹದವರಿತು ಬೆರೆಸುವುದರಲ್ಲಿ ನಿಸ್ಸೀಮ. ಆದರೆ ಅವನ ಕಾಲದಲ್ಲಿ ನೊರೆಗುಳ್ಳೆ ವೈನಿನ ದೋಷವೆನಿಸಿತ್ತು, ಅವನು ಹೆಣಗಿದ್ದು ಅದನ್ನು ತಡೆಯಲಿಕ್ಕೆ. ಆ ಸೀಮೆಯ ಚಳಿಗಾಲಕ್ಕೆ ಯೀಸ್ಟ್ ಹುದುಗುವಿಕೆಯನ್ನು ಅರ್ಧಕ್ಕೆ ನಿಲ್ಲಿಸಿ ಮಲಗಿಬಿಡುತ್ತದೆ. ವಸಂತದ ಬಿಸುಪಿಗೆ ಎಚ್ಚೆತ್ತು ಉಳಿದ ಸಕ್ಕರೆಯನ್ನು ತಿನ್ನತೊಡಗಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಮುಚ್ಚಿದ ಬಾಟಲಿಯೊಳಗೆ ಸಿಕ್ಕಿಬಿದ್ದು ಗುಳ್ಳೆಯಾಗುತ್ತದೆ. ವೈನಿಗೆ ಸಕ್ಕರೆ ಸೇರಿಸಿ ಬೇಕೆಂದೇ ನೊರೆ ಬರಿಸುವ ಕ್ರಮವನ್ನು ಇಂಗ್ಲೆಂಡಿನ ಕ್ರಿಸ್ಟೊಫರ್ ಮೆರೆಟ್ ಎಂಬ ವೈದ್ಯ 1662ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಓದಿದ ಬರಹದಲ್ಲಿ ವರ್ಣಿಸಿದ್ದ. ಅದು ಪೆರಿನ್ಯೋನ್ ಉಗ್ರಾಣದ ಬೀಗದ ಕೈ ಹಿಡಿಯುವುದಕ್ಕೆ ಆರು ವರ್ಷ ಮೊದಲು. ಕಂಡುಹಿಡಿದವನೆಂಬ ಕಥೆ 19ನೆಯ ಶತಮಾನದಲ್ಲಿ ಬೆಳೆದದ್ದು. ಆಟ ತಯಾರಿಸಿದವರಿಗೆ ಇದು ಗೊತ್ತಿಲ್ಲದಿರಬಹುದು, ನಾಲ್ಕು ಆಯ್ಕೆಗಳಿಗೆ ಒಂದು ಹೆಸರು ಬೇಕಿತ್ತು, ಹಾಕಿಕೊಂಡರು. ಲೇಖಕರಾದ ನೀವು ಯಂತ್ರದ ದೀಪವನ್ನೇ ಪ್ರಮಾಣವೆಂದು ನಂಬಿ ಮುಂದಿನ ಸಾಲಿಗೆ ಹೋದಿರಿ.

ಮುಂದಿನ ಸಾಲು ಇನ್ನೂ ಬೇಸರದ್ದು. ‘ಟ್ಯಾನಿನ್ ಎಂದರೆ ವೈನಿನ ಕಹಿ ಎಂಬುದು ನನಗೆ ಮೊದಲೇ ಗೊತ್ತಿತ್ತು.’ ಅಡಿಕೆ ಬೇಯಿಸುವ ಮನೆಯಲ್ಲಿ ಹುಟ್ಟಿ ಬೆಳೆದವರು ಬರೆಯುವ ಮಾತೇ ಇದು? ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಳ್ಳದ ಮಗು ನಮ್ಮ ಸೀಮೆಯಲ್ಲಿ ಇರಲಾರದು. ಕಹಿಯನ್ನು ನಾಲಗೆ ಸವಿಯುತ್ತದೆ. ಚೊಗರು ಮಾಡುವುದು ಬೇರೆಯದನ್ನೇ: ಒಸಡು ಬಿಗಿಯುತ್ತದೆ, ಕೆನ್ನೆಯ ಒಳಭಾಗ ಹಲ್ಲಿಗೆ ಅಂಟಿಕೊಳ್ಳುತ್ತದೆ, ನಾಲಗೆ ಅಂಗುಳಿನ ಮೇಲೆ ಜಾರದೆ ತರಿತರಿಯಾಗಿ ಎಳೆಯುತ್ತದೆ. ಎಂಜಲಿನಲ್ಲಿ ನುಣುಪು ಕೊಡುವ ಪ್ರೋಟೀನುಗಳಿಗೆ ಟ್ಯಾನಿನ್ ಅಂಟಿಕೊಂಡು ಅವನ್ನು ಬೇರ್ಪಡಿಸಿಬಿಡುವುದರಿಂದ ಬಾಯಿ ಒಣಗಿದಂತಾಗುವ ಒಗರು ಅದು. ಅಡಿಕೆಯಲ್ಲಿರುವುದೂ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವುದೂ ಒಂದೇ ಬಗೆಯ ವಸ್ತು. ವೈನನ್ನು ಮುಟ್ಟದ ನಿಮಗೆ ನಾಲಗೆಯಿಂದಲೇ ಗೊತ್ತಿದ್ದ ಒಂದೇ ಒಂದು ಸಂಗತಿ ಇದಾಗಿತ್ತು, ಅದನ್ನೇ ಬಿಟ್ಟು ಆಟದ ಒಂದು ಪದದ ಉತ್ತರವನ್ನು ನಕಲು ಮಾಡಿದಿರಿ.

ಅದರ ಕೆಳಗೆ: ‘ಕಪ್ಪು ದ್ರಾಕ್ಷಿಯಿಂದ ಬಿಳಿ ವೈನ್ ಮಾಡಲಾಗದು ಎಂಬುದು ಮಕ್ಕಳಿಗೂ ತಿಳಿದ ವಿಷಯ, ಆದರೂ ಆಟ ನನ್ನ ಉತ್ತರವನ್ನು ತಪ್ಪೆಂದಿತು!’ ಉದ್ಗಾರ ಚಿಹ್ನೆ ನಿಮ್ಮದು. ಇಲ್ಲಿ ಆಟದ ಪಕ್ಷವೇ ಸರಿ. ಒಂದು ಕಪ್ಪು ದ್ರಾಕ್ಷಿಯನ್ನು ಬೆರಳಿನಲ್ಲಿ ಹಿಚುಕಿ ನೋಡಿದ್ದರೆ ಸಾಕಿತ್ತು. ಹೆಚ್ಚಿನ ತಳಿಗಳಲ್ಲಿ ಬಣ್ಣವಿರುವುದು ಸಿಪ್ಪೆಯಲ್ಲಿ, ರಸಕ್ಕೆ ಬಣ್ಣವಿಲ್ಲ. ರಸವನ್ನು ಸಿಪ್ಪೆಯೊಂದಿಗೆ ಹುದುಗಲು ಬಿಟ್ಟರೆ ಕೆಂಪು ವೈನ್, ಕೆಲವು ಗಂಟೆ ಮಾತ್ರ ಜೊತೆಗಿಟ್ಟು ಸೋಸಿದರೆ ಗುಲಾಬಿ, ಕೂಡಲೇ ಹಿಂಡಿ ಬೇರ್ಪಡಿಸಿದರೆ ಬಿಳಿ. ನಿಮ್ಮ ಹಸಿರು ದೀಪದ ಷಾಂಪೇನಿಗೆ ಬಳಸುವ ಮೂರು ಮುಖ್ಯ ತಳಿಗಳಲ್ಲಿ ಪೀನೊ ನ್ವಾರ್ ಮತ್ತು ಮನಿಯೆ ಎರಡೂ ಕಪ್ಪು ದ್ರಾಕ್ಷಿಗಳೇ. ಕೆಂಪು ವೈನಿನಲ್ಲಿ ಒಗರು ಹೆಚ್ಚು, ಬಿಳಿಯದರಲ್ಲಿ ಕಡಿಮೆ ಇರುವುದಕ್ಕೂ ಇದೇ ಸಿಪ್ಪೆಯ ಸಹವಾಸವೇ ಕಾರಣ. ತಪ್ಪಾದ ಒಂದು ಉತ್ತರದ ಬೆನ್ನು ಹತ್ತಿ ಹೋಗಿದ್ದರೆ ಮೂರು ಪ್ರಶ್ನೆಗಳು ತಾವಾಗಿಯೇ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತಿದ್ದವು. ನೀವು ಮುನಿಸಿಕೊಂಡು ಪುಟ ತಿರುಗಿಸಿದಿರಿ.

ಆ ಪುಟದ ಕೊನೆಯ ವಾಕ್ಯ: ‘1855, 1976, 1994 ಮುಂತಾದ ಇಸವಿಗಳನ್ನು ಬಾಯಿಪಾಠ ಮಾಡಿಕೊಂಡರೆ ಈ ಆಟವನ್ನು ಗೆಲ್ಲಬಹುದು.’ ಗೆಲ್ಲಬಹುದು, ನಿಜ. ಆದರೆ ಈ ಮೂರು ಇಸವಿಗಳಲ್ಲಿ ಏನಾಯಿತೆಂದು ನಿಮ್ಮ ಓದುಗನಿಗೆ ತಿಳಿಯುವುದೇ ಇಲ್ಲ. 1855ರಲ್ಲಿ ಪ್ಯಾರಿಸ್ಸಿನ ಜಾಗತಿಕ ವಸ್ತುಪ್ರದರ್ಶನಕ್ಕಾಗಿ ಮೂರನೆಯ ನೆಪೋಲಿಯನ್ ಬಯಸಿದಂತೆ ಫ್ರಾನ್ಸಿನ ವೈನ್ ಸೀಮೆಯಾದ ಬೋರ್ಡೊದ ದಲ್ಲಾಳಿಗಳು ಅಲ್ಲಿನ ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು, ಅದಕ್ಕೆ ಅವರು ಮುಖ್ಯವಾಗಿ ನೆಚ್ಚಿದ್ದು ಮಾರುಕಟ್ಟೆಯ ಧಾರಣೆಯನ್ನು. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ ಎಂದು ಕೂಗುವುದನ್ನು ಕೇಳುತ್ತ ಬೆಳೆದ ಓದುಗನಿಗೆ ಇದಕ್ಕಿಂತ ಹತ್ತಿರದ ಸಂಗತಿ ಯಾವುದಿದೆ? ಆ ಪಟ್ಟಿಯಲ್ಲಿ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಮೂಟೊನ್ ರಾಥ್‌ಶೀಲ್ಡ್ ಎಂಬ ದ್ರಾಕ್ಷಿತೋಟದ ವೈನ್ ಏರಿದ್ದು 1973ರಲ್ಲಿ, ಅದೂ ಮಾಲೀಕನ ದೀರ್ಘಕಾಲದ ಹೋರಾಟದ ಮೇಲೆ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಬ್ರಿಟಿಷ್ ವೈನ್ ವ್ಯಾಪಾರಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಫ್ರೆಂಚ್ ತೀರ್ಪುಗಾರರು ಹೆಸರು ಮರೆಮಾಡಿದ ಬಾಟಲಿಗಳಿಂದ ಸವಿದು, ಕೆಂಪಿನಲ್ಲಿಯೂ ಬಿಳಿಯಲ್ಲಿಯೂ ಕ್ಯಾಲಿಫೋರ್ನಿಯಾದ ವೈನುಗಳಿಗೇ ಮೊದಲ ಸ್ಥಾನ ಕೊಟ್ಟುಬಿಟ್ಟರು. 1994ರಲ್ಲಿ ಚಿಲಿ ದೇಶದಲ್ಲಿ ಮೆರ್ಲೊ ತಳಿ ಎಂದುಕೊಂಡು ಬೆಳೆಯುತ್ತಿದ್ದ ಬಳ್ಳಿಗಳಲ್ಲಿ ಅನೇಕವು ಬೋರ್ಡೊದಲ್ಲಿ ಬಹುತೇಕ ಕಣ್ಮರೆಯಾಗಿದ್ದ ಕಾರ್ಮೆನೇರ್ ತಳಿಯವು ಎಂದು ಫ್ರೆಂಚ್ ತಜ್ಞ ಬೂರ್ಸಿಕೊ ಗುರುತಿಸಿದರು. ತಲೆಮಾರುಗಳಿಂದ ಬಳ್ಳಿ ಬೆಳೆಸಿದವರಿಗೇ ತಳಿ ತಿಳಿದಿರಲಿಲ್ಲವೆಂದ ಮೇಲೆ 15 ಸೆಕೆಂಡಿನಲ್ಲಿ ಎಡವಿದ ನೀವು ಅಷ್ಟೊಂದು ಮುಜುಗರಪಡಬೇಕಿರಲಿಲ್ಲ.

ಉತ್ತರಕ್ಕೆ ಕಾರಣ ಸೇರದಿದ್ದರೆ ನನಗೇಕೆ ಇಷ್ಟು ಕೋಪ ಬರುತ್ತದೆ ಎಂದು ನೀವು ಕೇಳಬಹುದು. ಅದು ಕಲಿಕೆಯ ಕಾಲದಿಂದ ಬಂದ ಚಾಳಿ. ಶಿವಮೊಗ್ಗದ ಚಿಕ್ಕ ವಾರಪತ್ರಿಕೆಯೊಂದರಲ್ಲಿ ನಾನು ಕರಡು ತಿದ್ದುವ ಹುಡುಗನಾಗಿ ಸೇರಿದಾಗ ಮೊದಲು ಒಪ್ಪಿಸಿದ ಕೆಲಸ ಮಕ್ಕಳ ಪುಟದ ಪ್ರಶ್ನೋತ್ತರ ಅಂಕಣ. ‘ಜೋಗದ ಎತ್ತರ ಎಷ್ಟು? 830 ಅಡಿ’ ಎಂದು ಬರೆದುಕೊಂಡು ಹೋದೆ. ಹಿರಿಯ ಸಂಪಾದಕರು ಕನ್ನಡಕವನ್ನು ಹಣೆಗೇರಿಸಿ, ಅಂಕಿಯ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಯಾವ ಧಾರೆ?’ ಎಂದು ಬರೆದು ಹಾಳೆಯನ್ನು ಹಿಂದಕ್ಕೆ ತಳ್ಳಿದರು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕರಲ್ಲಿ ರಾಜ ಎಲ್ಲಿಯೂ ಬಂಡೆಗೆ ತಾಗದೆ ಒಂದೇ ನೆಗೆತಕ್ಕೆ ಬೀಳುತ್ತದೆ, ಅಳತೆ ಅದರದು. ರಾಣಿ ಬಂಡೆಯ ಮೈಮೇಲೆ ನೊರೆಯಾಗಿ ಜಾರುತ್ತದೆ ಎಂಬುದನ್ನು ಸೇರಿಸಿಕೊಂಡು ಮತ್ತೆ ಹೋದೆ. ‘ಹಾಗಾದರೆ ಬೇಸಿಗೆಯಲ್ಲಿ ರಾಜ ಏಕೆ ಬಡವನಾಗುತ್ತಾನೆ?’ ಎಂದರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯ ನೀರನ್ನು ವಿದ್ಯುತ್ತಿಗಾಗಿ ಹಿಡಿದಿಡುವುದನ್ನೂ ಬರೆದೆ. ಒಂದು ಸಾಲಿನ ಉತ್ತರ ಅರ್ಧ ಪುಟವಾಗಿ, ಮೊಳೆ ಜೋಡಿಸುವವರು ನನ್ನನ್ನು ಶಪಿಸಿದರು. ಆದರೆ ಆ ಅಂಕಣಕ್ಕೆ ಪತ್ರಗಳು ಬರತೊಡಗಿದವು, ಅದೂ ಮಕ್ಕಳಿಗಿಂತ ಹೆಚ್ಚಾಗಿ ಅವರ ಮೇಷ್ಟರುಗಳಿಂದ. ಆ ಹಿರಿಯರ ಕೆಂಪು ಶಾಯಿ ನನ್ನ ಕೈಗೂ ಹತ್ತಿಕೊಂಡಿದೆ, ಅದರ ಫಲವನ್ನು ಈಗ ನೀವು ಅನುಭವಿಸುತ್ತಿದ್ದೀರಿ.

ಆದ್ದರಿಂದ ಪ್ರಬಂಧವನ್ನು ತಿರುಗಿಸಿ ಬರೆಯಿರಿ. ಸರಿಯಾದ 23 ಪ್ರಶ್ನೆಗಳಿಗೆ ನೀವು ಐದು ಪುಟ ಕೊಟ್ಟಿದ್ದೀರಿ. ತಪ್ಪಾದ 17ಕ್ಕೆ ಸಿಕ್ಕಿರುವುದು ಒಂದೇ ಸಾಲು, ‘ಉಳಿದವು ಕೈಕೊಟ್ಟವು’ ಎಂದು. ನನಗೆ ಬೇಕಾದದ್ದು ಆ ಹದಿನೇಳು. ಗಡಿಯಾರ ಓಡುತ್ತಿದ್ದಾಗ ಯಾವ ಆಯ್ಕೆ ನಿಮ್ಮನ್ನು ಸೆಳೆಯಿತು, ಏಕೆ ಸೆಳೆಯಿತು, ಪ್ರಶ್ನೆ ಬರೆದವನು ನಾಲ್ಕರಲ್ಲಿ ಯಾವುದನ್ನು ಬಲೆಯಾಗಿ ಇಟ್ಟಿದ್ದ? ಭಾರತಕ್ಕೆ ಸಂಬಂಧಿಸಿದ ಏಕೈಕ ಪ್ರಶ್ನೆ ನಾಸಿಕ್ ಕುರಿತದ್ದಾಗಿತ್ತೆಂದು ಹೇಳಿ ಮುಂದೆ ಸಾಗಿದ್ದೀರಿ. ನಂದಿಬೆಟ್ಟದ ಸುತ್ತಲಿನ ಮತ್ತು ವಿಜಯಪುರದ ಕಡೆಯ ದ್ರಾಕ್ಷಿಯನ್ನು ಆಟ ಮರೆತರೂ ನೀವು ಮರೆಯಬಾರದಿತ್ತು. ರಾಜ್ಯ ಸರ್ಕಾರ 2007ರಲ್ಲಿಯೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿದೆ. ಒಣಹವೆಯನ್ನು ಬಯಸುವ, ಎಲೆ ಒದ್ದೆಯಾಗಿಯೇ ಇದ್ದರೆ ಬೂಜುರೋಗಕ್ಕೆ ಬಲಿಯಾಗುವ ಆ ಬಳ್ಳಿ ನಿಮ್ಮ ತೋಟದ ಬೇಲಿಗೆ ಏಕೆ ಹಬ್ಬುವುದಿಲ್ಲ ಎಂಬುದನ್ನು, ಕೊಳೆರೋಗಕ್ಕೆ ಹೆದರಿ ಜೂನಿನಲ್ಲಿ ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಸುವ ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಮೈಲುತುತ್ತು, ಸುಣ್ಣದ ಆ ದ್ರಾವಣ ಹುಟ್ಟಿದ್ದೇ 1880ರ ದಶಕದಲ್ಲಿ ಬೋರ್ಡೊದ ದ್ರಾಕ್ಷಿತೋಟಗಳ ಬೂಜುರೋಗವನ್ನು ತಡೆಯಲಿಕ್ಕೆ. ನೀವು ಪ್ರತಿ ಮಳೆಗಾಲ ಉಚ್ಚರಿಸುವ ಹೆಸರು ಪ್ರಬಂಧದಲ್ಲಿ ಎಂಟು ಸಲ ಬಂದಿದೆ, ಒಮ್ಮೆಯೂ ನಿಮ್ಮ ಕಿವಿ ನಿಮಿರಿಲ್ಲ.

ಮೊದಲ ಎರಡು ಪುಟಗಳನ್ನು ಪೂರ್ತಿ ತೆಗೆಯಿರಿ, ಅವುಗಳಲ್ಲಿ ಆಟವನ್ನು ಕಂಪ್ಯೂಟರಿಗೆ ಅಳವಡಿಸಿಕೊಂಡ ವಿಧಾನ ಬಿಟ್ಟರೆ ಬೇರೇನೂ ಇಲ್ಲ. ಒಟ್ಟು ಸಾವಿರದೈನೂರು ಪದಗಳನ್ನು ಮೀರದಿರಲಿ. ಮುಂದಿನ ತಿಂಗಳ ಮೊದಲ ವಾರದೊಳಗೆ ತಲುಪಿದರೆ ದೀಪಾವಳಿ ಸಂಚಿಕೆಗೆ ಪರಿಶೀಲಿಸುತ್ತೇನೆ. ಶೀರ್ಷಿಕೆಯನ್ನು ಬದಲಾಯಿಸಬೇಡಿ, ಅದು ಚೆನ್ನಾಗಿದೆ. ಅಂಕಪಟ್ಟಿಯ ಚಿತ್ರವನ್ನು ಮಾತ್ರ ಮತ್ತೆ ಲಗತ್ತಿಸುವುದು ಬೇಡ, ಅದನ್ನು ಅಚ್ಚು ಹಾಕುವುದಿಲ್ಲ.

ಇಂತು ನಿಮ್ಮ,
ಸಂಪಾದಕ